ಗದ್ದೆಯ ಬಿಳಿ ಹಕ್ಕಿಗಳೆಲ್ಲ ಕೊಕ್ಕರೆಯಲ್ಲ

ಟ್ರ್ಯಾಕ್ಟರ್ ಗದ್ದೆಗಿಳಿದರೆ ಸಾಕು, ಹಿಂದೆಯೇ ಬಿಳಿ ಹಕ್ಕಿಗಳ ಸಾಲು. ನಾವು ಎಲ್ಲಕ್ಕೂ 'ಕೊಕ್ಕರೆ' ಅಂತ ಒಂದೇ ಹೆಸರಿಟ್ಟಿದ್ದೀವಿ. ಅವು ಕೊಕ್ಕರೆಯಲ್ಲ, ಬಕದ ಕುಟುಂಬಕ್ಕೆ ಸೇರಿದ ಬೆಳ್ಳಕ್ಕಿಗಳು. ಹಾರುವಾಗ ನೋಡಿ: ಕೊಕ್ಕರೆ ಕತ್ತನ್ನು ಮುಂದಕ್ಕೆ ಚಾಚುತ್ತೆ, ಬೆಳ್ಳಕ್ಕಿ ಮಡಚಿ ಎದೆಗೆ ಒತ್ತಿಕೊಳ್ಳುತ್ತೆ. ಮೀನಿಗೆ ಬಾಣದ ಹಾಗೆ ಕೊಕ್ಕು ಹೊಡೆಯೋದೂ ಇದೇ ಮಡಿಕೆಯ ಬಲದಿಂದ. ಹಿಂದೆ ಎರಡೂ ಕುಟುಂಬಗಳನ್ನು ಒಂದೇ ಗಣದಲ್ಲಿ ಇಟ್ಟಿದ್ದರು. ಡಿಎನ್‌ಎ ಅಧ್ಯಯನಗಳ ನಂತರ ಬಕಗಳು ಹೆಜ್ಜಾರ್ಲೆಗಳ ಗಣಕ್ಕೆ ಹೋದವು.

ನಮಗೆ ಇದರಿಂದ ಏನು ಅಂತೀರಾ? ಯಾವ ಹಕ್ಕಿ ಏನು ತಿನ್ನುತ್ತೆ ಅಂತ ಗೊತ್ತಿಲ್ಲದೆ ಎಲ್ಲವನ್ನೂ ಓಡಿಸುವವರಿದ್ದಾರೆ, ಅದಕ್ಕೇ ಹೇಳ್ತಿರೋದು. ಫೋನಿನಲ್ಲಿ ಜೂಮ್ ಮಾಡಿ ಕೊಕ್ಕು, ಕಾಲು ನೋಡಿ.

ಹಳದಿ ಕೊಕ್ಕು, ಗಿಡ್ಡ ಕತ್ತು, ದನದ ಹಿಂದೆ ಓಡಾಟ: ಅದು ಗೋವಕ್ಕಿ. ಮರಿ ಮಾಡುವ ಕಾಲದಲ್ಲಿ ತಲೆ, ಕತ್ತು ಕಿತ್ತಳೆ ಬಣ್ಣಕ್ಕೆ ತಿರುಗುತ್ತೆ. ಹೆಸರಿಗೆ ನೀರಹಕ್ಕಿಗಳ ಕುಟುಂಬ, ಹೊಟ್ಟೆಪಾಡು ಮಾತ್ರ ಹೆಚ್ಚಾಗಿ ಒಣನೆಲದಲ್ಲೇ. ಮಿಡತೆ, ಜೀರುಂಡೆಗಳೇ ಇದರ ಮುಖ್ಯ ಊಟ. ನಮ್ಮ ಕಪ್ಪೆ, ಜೇಡಗಳನ್ನೂ ಬಿಡಲ್ಲ, ಹಾಗಾಗಿ 'ರೈತಮಿತ್ರ' ಅಂತ ಪೂರ್ತಿ ಹೊಗಳೋಕೂ ಆಗಲ್ಲ. ಆದರೂ ಲೆಕ್ಕ ನಮ್ಮ ಪರವಾಗೇ ಇದೆ ಅಂತ ನನ್ನ ಅಭಿಪ್ರಾಯ.

ಕಪ್ಪು ಕೊಕ್ಕು, ಕಪ್ಪು ಕಾಲು, ಬೆರಳು ಮಾತ್ರ ಹಳದಿ? ಸಣ್ಣ ಬೆಳ್ಳಕ್ಕಿ. ಕಾಲಿನಿಂದ ಕೆಸರು ಕಲಕಿ, ಹೆದರಿ ಹೊರಬಂದ ಮೀನು, ಸೀಗಡಿ ಹಿಡಿಯುತ್ತೆ. ಬದುವಿನ ಮೇಲೆ ಕಂದು ಗೆರೆಗಳಿರೋ ಮೈ ಕುಗ್ಗಿಸಿ ಕೂತು, ಹಾರಿದ ಕೂಡಲೇ ಬಿಳಿ ರೆಕ್ಕೆ ತೋರಿಸೋದು ಕೊಳದ ಬಕ.

ಇವು ಯಾವುವೂ ಭತ್ತದ ಕಾಳು ತಿನ್ನಲ್ಲ. ಹೊಸ ನಾಟಿಯಲ್ಲಿ ಓಡಾಡಿ ಕೆಲವು ಸಸಿ ತುಳಿಯಬಹುದು, ಅಷ್ಟೆ. ಅದಕ್ಕೆ ವಿಷ ಇಡೋದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಇನ್ನು ಕಾರ್ಬೊಫ್ಯೂರಾನ್ ಹರಳು ಹಕ್ಕಿಗಳಿಗೆ ಕಡುವಿಷ. ಹುಳಕ್ಕೆ ಅಂತ ಹಾಕಿದರೂ ಹುಳ ತಿನ್ನೋ ಹಕ್ಕಿಯನ್ನೂ ಕೊಲ್ಲುತ್ತೆ.

ನಿಜವಾದ ನಷ್ಟ ಕೃಷಿ ಹೊಂಡದಲ್ಲಿ ಮೀನುಮರಿ ಬಿಟ್ಟವರಿಗೆ. ಮರಿ ಸಣ್ಣದಿರುವಾಗ ಹೊಂಡದ ಮೇಲೆ ಬಲೆ ಹಾಕಿ. ಎದ್ದು ಕಾಣುವ ಬಣ್ಣದ ಬಲೆ ಇರಲಿ, ಬಿಗಿಯಾಗಿ ಎಳೆದು ಕಟ್ಟಿ. ಜೋತುಬಿದ್ದ ಬಲೆಯಲ್ಲಿ ಹಕ್ಕಿ ಕಾಲು ಸಿಕ್ಕಿಕೊಳ್ಳುತ್ತೆ.