ಸಾಸಿವೆಗಿಂತ ಚಿಕ್ಕ ಕೋಶ, ಆಳೆತ್ತರದ ಎಳೆ



ಉದ್ದನೆಯ ಹಗ್ಗವನ್ನು ಸುತ್ತಿಡದೆ ಬಿಟ್ಟರೆ ಗಂಟು ಬೀಳುವುದು ನಮಗೆಲ್ಲ ಗೊತ್ತು. ನಮ್ಮ ದೇಹದ ಜೀವಕೋಶಕ್ಕೂ ಇಂಥದೇ ಒಂದು ಕೆಲಸವಿದೆ. ಕೋಶದ ಕೇಂದ್ರದಲ್ಲಿ ಡಿ.ಎನ್.ಎ. ಎಂಬ ಎಳೆಗಳಿವೆ. ತಂದೆತಾಯಿಗಳಿಂದ ಬರುವ ಗುಣಗಳು ಅಡಗಿರುವುದು ಇವುಗಳಲ್ಲೇ. ಒಂದು ಕೋಶದ ಎಳೆಗಳನ್ನು ಬಿಡಿಸಿ ಸಾಲಾಗಿ ಇಟ್ಟರೆ ಸುಮಾರು 2 ಮೀಟರ್ ಆಗುತ್ತದೆ. ಅವು ಅಡಗಿರುವ ಕೇಂದ್ರದ ಅಗಲವೋ, ಸಾಮಾನ್ಯವಾಗಿ ಮಿಲಿಮೀಟರಿನ ನೂರರಲ್ಲಿ ಒಂದು ಪಾಲಿಗಿಂತಲೂ ಕಡಿಮೆ!

ಇದು ಹೇಗೆ ಸಾಧ್ಯ? ಜಪಸರದಲ್ಲಿ ದಾರವು ಮಣಿಯ ಒಳಗೆ ಹಾದುಹೋಗುತ್ತದೆ. ಇಲ್ಲಿ ಮಣಿಯ ಮೇಲೆ ಸುತ್ತಿಕೊಳ್ಳುತ್ತದೆ. 8 ಹಿಸ್ಟೋನ್ ಪ್ರೋಟೀನುಗಳು ಸೇರಿ ಒಂದು ಮಣಿ. ಅದರ ಸುತ್ತ ಎಳೆಯು ಸುಮಾರು ಒಂದೂಮುಕ್ಕಾಲು ಸುತ್ತು ಬರುತ್ತದೆ. ಇಂಥ ಮಣಿಗಳು ಒಂದೊಂದು ಕೋಶದಲ್ಲೂ ಕೋಟಿಗಟ್ಟಲೆ. ಮಣಿಸಹಿತವಾದ ಈ ಎಳೆಗೆ ಕ್ರೊಮ್ಯಾಟಿನ್ ಎಂದು ಹೆಸರು. 1974ರಲ್ಲಿ ರೋಜರ್ ಕಾರ್ನ್‌ಬರ್ಗ್ ಎಂಬ ವಿಜ್ಞಾನಿ ಈ ರಚನೆಯನ್ನು ವಿವರಿಸಿದರು. ಕೋಶವು ಎರಡಾಗುವಾಗ ಇದು ಇನ್ನಷ್ಟು ಬಿಗಿಯಾಗಿ ವರ್ಣತಂತುಗಳ ರೂಪ ತಾಳುತ್ತದೆ. ಮನುಷ್ಯನಲ್ಲಿ ಇವು 46, ತೆಂಗಿನಲ್ಲಿ 32, ಭತ್ತದಲ್ಲಿ 24.

ಸುತ್ತಿಡುವುದು ಜಾಗ ಉಳಿಸಲಿಕ್ಕೆ ಮಾತ್ರವಲ್ಲ. ಬಿಗಿಯಾಗಿ ಸುತ್ತಿದ ಭಾಗವನ್ನು ಕೋಶವು ಓದಲಾರದು. ಸಡಿಲಾದ ಭಾಗವನ್ನು ಓದುತ್ತದೆ. ಗೋವೆಯ ಖಜಾನ್ ಗದ್ದೆಯ ಕೊರ್ಗುಟ್ ಭತ್ತವನ್ನೇ ನೋಡಿ. ಅದರ ಬೇರಿಗೂ ಎಲೆಗೂ ಇರುವುದು ಒಂದೇ ಡಿ.ಎನ್.ಎ. ಆದರೆ ತೆರೆದುಕೊಂಡ ಭಾಗಗಳು ಬೇರೆಬೇರೆ. ಆದುದರಿಂದಲೇ ಒಂದು ಬೇರಾಯಿತು, ಇನ್ನೊಂದು ಎಲೆಯಾಯಿತು.

ಈ ಎಳೆಗೆ ಹಾನಿ ಮಾಡುವ ಶತ್ರುವೊಂದು ನಮ್ಮ ಅಟ್ಟದಲ್ಲೇ ಇರಬಹುದು. ಮಳೆಗಾಲದ ತೇವಕ್ಕೆ ಶೇಂಗಾ, ಕೊಬ್ಬರಿ, ಗೋವಿನಜೋಳಗಳಿಗೆ ಹಿಡಿಯುವ ಕೆಲವು ಬೂಷ್ಟುಗಳು ಅಫ್ಲಾಟಾಕ್ಸಿನ್ ಎಂಬ ವಿಷವನ್ನು ಉಂಟುಮಾಡುತ್ತವೆ. ಅದು ಯಕೃತ್ತಿನಲ್ಲಿ ಮಾರ್ಪಟ್ಟು ಡಿ.ಎನ್.ಎ.ಗೆ ಅಂಟಿಕೊಂಡು ಬರಹವನ್ನೇ ಕೆಡಿಸುತ್ತದೆ. ವರ್ಷಗಟ್ಟಲೆ ಹೀಗಾದರೆ ಯಕೃತ್ತಿನ ಕ್ಯಾನ್ಸರ್ ಬರಬಹುದು. ಹೆಪಟೈಟಿಸ್ ಬಿ ಇರುವವರಿಗೆ ಅಪಾಯ ಇನ್ನೂ ಹೆಚ್ಚು. ಬೇಯಿಸಿದರೂ ಹುರಿದರೂ ಈ ವಿಷ ಪೂರ್ತಿ ನಾಶವಾಗದು.

ಆದುದರಿಂದ ನಾವು ಮಾಡಬೇಕಾದುದು ಇಷ್ಟು:

- ಶೇಂಗಾ, ಕೊಬ್ಬರಿಗಳನ್ನು ಚೆನ್ನಾಗಿ ಒಣಗಿಸಿಯೇ ಕಟ್ಟಿಡೋಣ.
- ಚೀಲಗಳನ್ನು ನೆಲಕ್ಕೆ, ಗೋಡೆಗೆ ತಾಗಿಸದೆ ಹಲಗೆಯ ಮೇಲೆ ಇಡೋಣ.
- ಬೂಷ್ಟು ಹಿಡಿದ, ಮುರುಟಿದ, ಬಣ್ಣಗೆಟ್ಟ ಕಾಳನ್ನು ಆರಿಸಿ ಎಸೆಯೋಣ.
- ಬೂಷ್ಟು ಹಿಡಿದ ಹಿಂಡಿಯನ್ನು ದನಗಳಿಗೆ ಹಾಕುವುದು ಬೇಡ. ಆ ವಿಷ ಹಾಲಿನ ಮೂಲಕ ಮಕ್ಕಳನ್ನು ಸೇರುತ್ತದೆ.

ಹಾಳಾದ ಒಂದು ಬೊಗಸೆ ಕಾಳನ್ನು ಎಸೆಯಲು ಮನಸ್ಸು ಬಾರದಿರಬಹುದು. ಆದರೆ ಮನೆಮಂದಿಯ ಆರೋಗ್ಯ ಅದಕ್ಕಿಂತ ದೊಡ್ಡದು.