ಕೈಗುಣ ಇದ್ದರಷ್ಟೇ ಸಾಲದು

ಉಳುಕು ತೆಗೆಯುವವರ ಹತ್ತಿರ ನಾವು ಯಾವತ್ತಾದರೂ ಸರ್ಟಿಫಿಕೇಟ್ ಕೇಳಿದ್ದೇವೆಯೇ? ಸೊಂಟ ಹಿಡಿದುಕೊಂಡರೆ ಎಣ್ಣೆ ಹಚ್ಚಿ ನೀವಲು ಪಕ್ಕದ ಬೀದಿಯ ಅಜ್ಜಿ ಬರುತ್ತಿದ್ದರು. ‘ಆಕೆಯ ಕೈಗುಣ ಚೆನ್ನಾಗಿದೆ’ ಅನ್ನುವ ಮಾತೇ ಸಾಕಿತ್ತು. ಆದರೆ ಇದನ್ನೇ ಉದ್ಯೋಗ ಮಾಡಿಕೊಳ್ಳಬೇಕು, ಅದೂ ಪರದೇಶದಲ್ಲಿ ಅಂದರೆ ಕಥೆಯೇ ಬೇರೆ.

ನನ್ನ ನಾದಿನಿ ಮೈಸೂರಿನಲ್ಲಿ ಬಿ.ಪಿ.ಟಿ. ಓದಿದವಳು. ಮದುವೆಯಾಗಿ ಕೆನಡಾದ ಟೊರಾಂಟೊ ಹತ್ತಿರ ಇದ್ದಾಳೆ. ಒಂದು ರಾತ್ರಿ ಫೋನ್ ಮಾಡಿ, “ಅತ್ತಿಗೆ, ಇಲ್ಲಿ ಆಸ್ಟಿಯೋಪಥಿ ಅಂತ ಕೋರ್ಸ್ ಇದೆ. ಬೇಗ ಮುಗಿಯುತ್ತೆ, ಆಮೇಲೆ ಕ್ಲಿನಿಕ್ ತೆರೆಯಬಹುದು ಅಂತಾರೆ. ಸೇರ್ಕೊಳ್ಳಲಾ?” ಅಂದಳು. ಕೂಡಿಟ್ಟ ದುಡ್ಡೆಲ್ಲ ಫೀಸಿಗೇ ಹೋಗುವಂತಿತ್ತು. ಬಿ.ಎ. ಓದಿದ ನನಗೇನು ಗೊತ್ತು ಹೇಳಿ! ಆದರೂ ಇಬ್ಬರೂ ಕೂತು ವಿಚಾರಿಸಿದೆವು. ತಿಳಿದದ್ದನ್ನು ನಿಮಗೂ ಹೇಳುತ್ತೇನೆ. ನಿಮ್ಮ ಮಗಳೋ ತಂಗಿಯೋ ಇದೇ ಪ್ರಶ್ನೆ ಕೇಳಬಹುದು.

ಸ್ನಾಯು, ಮೂಳೆ, ಕೀಲುಗಳನ್ನು ಕೈಯಿಂದಲೇ ಒತ್ತಿ, ಎಳೆದು, ಸಡಿಲಿಸಿ ಉಪಚರಿಸುವುದು ಆಸ್ಟಿಯೋಪಥಿ. ಇದನ್ನು ಶುರು ಮಾಡಿದವರು ಅಮೆರಿಕದ ವೈದ್ಯ ಆಂಡ್ರ್ಯೂ ಟೇಲರ್ ಸ್ಟಿಲ್. 1892ರಲ್ಲಿ ಮಿಸೌರಿಯ ಕಿರ್ಕ್ಸ್‌ವಿಲ್ ಎಂಬ ಊರಿನಲ್ಲಿ ಅವರು ಶಾಲೆ ತೆರೆದಾಗ ಮೊದಲ ತಂಡದಲ್ಲೇ ಹೆಣ್ಣುಮಕ್ಕಳೂ ಇದ್ದರು. ಆ ಕಾಲಕ್ಕೆ ಅದು ಸಣ್ಣ ವಿಷಯವಲ್ಲ.

ಎಡವಟ್ಟಾಗುವುದು ಹೆಸರಿನಲ್ಲಿ. ಅಮೆರಿಕದಲ್ಲಿ ಡಿ.ಒ. ಪದವಿ ಪಡೆದವರು ಪೂರ್ಣ ಪ್ರಮಾಣದ ವೈದ್ಯರು. ಔಷಧಿ ಬರೆಯುತ್ತಾರೆ, ಆಪರೇಷನ್ ಕೂಡ ಮಾಡುತ್ತಾರೆ. ಬ್ರಿಟನ್ನಿನಲ್ಲಿ ಆಸ್ಟಿಯೋಪಥ್‌ಗಳು ಎಂ.ಬಿ.ಬಿ.ಎಸ್. ಥರದ ವೈದ್ಯರಲ್ಲ, ಆದರೆ 1993ರ ಕಾಯ್ದೆಯ ಪ್ರಕಾರ ಅವರ ಮಂಡಳಿಯಲ್ಲಿ ನೋಂದಣಿಯಾಗದೆ ಆ ಹೆಸರು ಹಾಕಿಕೊಳ್ಳುವಂತಿಲ್ಲ. ನಾದಿನಿ ಇರುವ ಒಂಟಾರಿಯೊದಲ್ಲಿ ‘ಆಸ್ಟಿಯೋಪಥ್’ ಅನ್ನುವ ಹೆಸರು ವೈದ್ಯರಿಗೇ ಮೀಸಲು. ಅದಕ್ಕೇ ಬರೀ ಕೈಚಿಕಿತ್ಸೆ ಕಲಿತವರು ‘ಆಸ್ಟಿಯೋಪಥಿಕ್ ಮ್ಯಾನುಯಲ್ ಪ್ರಾಕ್ಟೀಷನರ್’ ಅಂತ ಬೋರ್ಡ್ ಹಾಕಿಕೊಳ್ಳುತ್ತಾರೆ. ಇವರಿಗೆ ಸರ್ಕಾರದ ನೋಂದಣಿ ಇಲ್ಲ, ಖಾಸಗಿ ಸಂಘಗಳ ಸದಸ್ಯತ್ವ ಅಷ್ಟೇ. ತಮಾಷೆಯೆಂದರೆ, ಅದೇ ಒಂಟಾರಿಯೊದಲ್ಲಿ ಮಸಾಜ್ ಥೆರಪಿಸ್ಟ್‌ಗಳಿಗೆ ಕಾಯ್ದೆಬದ್ಧ ನೋಂದಣಿ ಇದೆ!

ಹಾಗಂತ ಈ ಕೆಲಸವೇ ಸುಳ್ಳು ಅನ್ನಬೇಡಿ. ಶ್ರದ್ಧೆಯಿಂದ ಕಲಿಸುವ ಶಾಲೆಗಳಿವೆ, ಒಳ್ಳೆಯ ಸಂಪಾದನೆ ಇರುವ ಹೆಣ್ಣುಮಕ್ಕಳೂ ಇದ್ದಾರೆ. ಆದರೆ ಕೆಲವು ಕಡೆ ನಾಲ್ಕೈದು ವರ್ಷ ಕಲಿಸಿದರೆ ಇನ್ನು ಕೆಲವು ಕಡೆ ಆನ್‌ಲೈನ್‌ನಲ್ಲೇ ಬೇಗ ಮುಗಿಸಿ ಕೈಗೆ ಪ್ರಮಾಣಪತ್ರ ಕೊಡುತ್ತಾರೆ. ಅಳೆಯುವುದು ಹೇಗೆ? ವಿಶ್ವ ಆರೋಗ್ಯ ಸಂಸ್ಥೆ 2010ರಲ್ಲಿ ಒಂದು ಅಳತೆಗೋಲು ಕೊಟ್ಟಿದೆ. ಹೊಸದಾಗಿ ಕಲಿಯುವವರಿಗೆ 4200 ಗಂಟೆ, ಅದರಲ್ಲಿ ಕನಿಷ್ಠ 1000 ಗಂಟೆ ಹಿರಿಯರ ಕಣ್ಣೆದುರು ರೋಗಿಗಳನ್ನು ಮುಟ್ಟಿ ಕಲಿಯಬೇಕು. ಮೊದಲೇ ಆರೋಗ್ಯ ಕ್ಷೇತ್ರದಲ್ಲಿ ಓದಿದವರಿಗೆ ಅವಧಿ ಕಡಿಮೆ. ಪರದೆ ನೋಡಿಕೊಂಡು ದೋಸೆ ಹುಯ್ಯುವುದನ್ನು ಕಲಿಯಬಹುದೇನೋ, ಇನ್ನೊಬ್ಬರ ಕತ್ತು ತಿರುಗಿಸುವುದನ್ನಲ್ಲ.

ಯಾಕೆ ಇಷ್ಟು ಗಂಟೆ ಅಂತೀರಾ? ಎಲ್ಲಿ ಒತ್ತಬೇಕು ಅನ್ನುವುದಕ್ಕಿಂತ ಯಾರನ್ನು ಮುಟ್ಟಬಾರದು ಅನ್ನುವುದು ದೊಡ್ಡ ವಿದ್ಯೆ. ಮುಟ್ಟು ನಿಂತ ಮೇಲೆ ಮೂಳೆ ಸವೆದವರು, ಬಹಳ ಕಾಲ ಸ್ಟೀರಾಯ್ಡ್ ತೆಗೆದುಕೊಂಡವರು, ಸೊಂಟನೋವಿನ ಜೊತೆ ತೊಡೆಸಂದು ಮರಗಟ್ಟಿದವರು, ಮೂತ್ರದ ಮೇಲೆ ಹಿಡಿತ ತಪ್ಪಿದವರು ಬಂದರೆ ಗುರುತು ಹಿಡಿಯಬೇಕು. ಕೊನೆಯ ಎರಡು ಲಕ್ಷಣ ಕಂಡರೆ ಆಸ್ಪತ್ರೆಗೆ ತಕ್ಷಣ ಕಳಿಸಬೇಕು. ಸೊಂಟನೋವಿಗೆ ಈ ಚಿಕಿತ್ಸೆಯಿಂದ ಒಂದಿಷ್ಟು ಉಪಯೋಗ ಅನ್ನಲು ಅಧ್ಯಯನಗಳ ಆಧಾರವಿದೆ. ಆಸ್ತಮಾ ಹೋಗುತ್ತೆ, ಹಸುಗೂಸಿನ ಅಳು ನಿಲ್ಲುತ್ತೆ ಅನ್ನುವುದಕ್ಕೆಲ್ಲ ಗಟ್ಟಿ ಆಧಾರವಿಲ್ಲ. ಅಂಥದ್ದನ್ನು ಖಂಡಿತ ಅನ್ನುವ ಶಾಲೆಯಿಂದ ದೂರ ಇರಿ.

ಇನ್ನು ದುಡ್ಡಿನ ಮಾತು. ಒಂಟಾರಿಯೊದ ಸರ್ಕಾರಿ ವಿಮೆ ಈ ಚಿಕಿತ್ಸೆಗೆ ಹಣ ಕೊಡುವುದಿಲ್ಲ. ರೋಗಿಗಳು ಕೈಯಿಂದ ಕೊಡಬೇಕು, ಇಲ್ಲವೇ ಅವರು ಕೆಲಸ ಮಾಡುವ ಕಂಪನಿಯ ಖಾಸಗಿ ವಿಮೆ ಕೊಡಬೇಕು. ಯಾವ ಸಂಘದ ಸದಸ್ಯರ ರಸೀದಿಯನ್ನು ಒಪ್ಪಬೇಕು ಅನ್ನುವುದು ಆಯಾ ವಿಮೆ ಕಂಪನಿಯ ಇಷ್ಟ. ಶಾಲೆಯ ಪ್ರಮಾಣಪತ್ರ ಇದ್ದೂ ರಸೀದಿ ನಡೆಯದಿದ್ದರೆ ರೋಗಿ ಎರಡನೇ ಸಲ ಬರುವುದು ಕಷ್ಟ.

ನಾದಿನಿಯ ಕೈಯಲ್ಲಿ ಬಿ.ಪಿ.ಟಿ. ಇತ್ತಲ್ಲ, ಅದೇ ಅವಳ ಆಸ್ತಿ ಅನ್ನಿಸಿತು ನನಗೆ. ಇಲ್ಲಿ ಫಿಸಿಯೋಥೆರಪಿಗೆ 2021ರ ಕೇಂದ್ರ ಕಾಯ್ದೆಯ ಬಲವಿದೆ. ಅಲ್ಲಿ ಓದಿನ ದಾಖಲೆಗಳ ಪರಿಶೀಲನೆ ಮಾಡಿಸಿ, ಪರೀಕ್ಷೆ ಬರೆದರೆ ಕಾಯ್ದೆಬದ್ಧವಾಗಿಯೇ ಫಿಸಿಯೋಥೆರಪಿಸ್ಟ್ ಆಗಬಹುದು. ನಿಧಾನದ ದಾರಿ, ನಿಜ. ಮೈಸೂರಿನಿಂದ ಕಾಗದಪತ್ರ ತರಿಸಲು ನಮ್ಮ ಮಾವನವರೇ ಕಾಲೇಜಿಗೆ ನಾಲ್ಕು ಸಲ ಅಲೆದರು. ಅವಳೀಗ ಒಂದು ಕ್ಲಿನಿಕ್ಕಿನಲ್ಲಿ ಸಹಾಯಕಿಯಾಗಿದ್ದುಕೊಂಡು ಪರೀಕ್ಷೆಗೆ ಓದುತ್ತಿದ್ದಾಳೆ. ಆಸ್ಟಿಯೋಪಥಿ ಬೇಕೆನಿಸಿದರೆ ಆಮೇಲೆ ಕಲಿಯುತ್ತಾಳಂತೆ.

ನಿಮ್ಮ ಮನೆಯಲ್ಲೂ ಯಾರಾದರೂ ಹೊರಟಿದ್ದರೆ ಫೀಸು ಕಟ್ಟುವ ಮೊದಲು ರೋಗಿಗಳ ಜೊತೆ ಕಲಿಕೆ ಎಷ್ಟು ಗಂಟೆ, ಯಾವ ವಿಮೆ ಕಂಪನಿಗಳು ಒಪ್ಪುತ್ತವೆ, ಬಿಟ್ಟರೆ ಹಣ ವಾಪಸ್ ಉಂಟೇ, ಈ ಮೂರನ್ನೂ ಶಾಲೆಯವರಿಂದ ಬರವಣಿಗೆಯಲ್ಲೇ ಪಡೆಯಿರಿ. ಫೋನಿನಲ್ಲಿ ಹೇಳಿದ್ದನ್ನು ನಂಬಿಕೊಳ್ಳಬೇಡಿ.