ಅರವತ್ತು ಸೆಂಟಿನ ಪುಸ್ತಕ ಮತ್ತು ಅದನ್ನು ಬರೆದವರು

ಕಣ್ಣಿನ ಸುತ್ತ ಕಪ್ಪು ಪಟ್ಟಿ, ಉಂಗುರ ಉಂಗುರವಾದ ಬಾಲ, ಕೈಯಲ್ಲಿ ಬಂದೂಕು, ಬಾಯಿ ತೆರೆದರೆ ಜಗಳ. ಮಕ್ಕಳು ಟಿ.ವಿ.ಯಲ್ಲಿ ಕಂಡು ನಗುವ ಈ ಬಾಹ್ಯಾಕಾಶದ ಪುಟ್ಟ ಪ್ರಾಣಿಯನ್ನು ನೀವೂ ನೋಡಿರಬಹುದು. ಹೆಸರು ರಾಕೆಟ್ ರಕೂನ್. ರಕೂನ್ ಉತ್ತರ ಅಮೆರಿಕದ ಪ್ರಾಣಿ, ನಮ್ಮ ಕಾಡುಗಳಲ್ಲಿಲ್ಲ. ಈ ರಾಕೆಟ್ ಹುಟ್ಟಿದ್ದು ಸಿನಿಮಾದಲ್ಲಲ್ಲ, ಅಗ್ಗದ ಕಾಗದದ ಮೇಲೆ. ಅಮೆರಿಕದಲ್ಲಿ ಆ ಹಳೆಯ ಸಂಚಿಕೆಗಳನ್ನು ಹುಡುಕಿ ಕೂಡಿಡುವವರು ಬಹಳ ಮಂದಿ.

ಅವರು ಮೊದಲು ಹುಡುಕುವುದು 1976ರ 'ಮಾರ್ವೆಲ್ ಪ್ರಿವ್ಯೂ' ಏಳನೇ ಸಂಚಿಕೆಯನ್ನು. ಕಪ್ಪು ಬಿಳುಪಿನ ಆ ಪತ್ರಿಕೆಯಲ್ಲಿ ಈತ ರಾಕಿ ಎಂಬ ಹೆಸರಿನಲ್ಲಿ ಬೇರೊಬ್ಬ ನಾಯಕನ ಕಥೆಯೊಳಗೆ ಸುಮ್ಮನೆ ಬಂದು ಹೋಗುತ್ತಾನೆ. ರಾಕೆಟ್ ಎಂಬ ಹೆಸರು ಬಂದದ್ದು 1982ರಲ್ಲಿ, 'ಇನ್‌ಕ್ರೆಡಿಬಲ್ ಹಲ್ಕ್' 271ನೇ ಸಂಚಿಕೆಯಲ್ಲಿ. 1985ರಲ್ಲಿ ಅವನದ್ದೇ ನಾಲ್ಕು ಸಂಚಿಕೆಗಳ ಕಥೆ ಬಂತು. ಚಿತ್ರ ಬರೆದವರು ಮುಂದೆ 'ಹೆಲ್‌ಬಾಯ್' ಮೂಲಕ ಪ್ರಸಿದ್ಧರಾದ ಮೈಕ್ ಮಿನ್ಯೋಲಾ. ಆಮೇಲೆ ವರ್ಷಗಟ್ಟಲೆ ಅವನನ್ನು ಕೇಳುವವರೇ ಕಡಿಮೆ. 2008ರಲ್ಲಿ 'ಗಾರ್ಡಿಯನ್ಸ್ ಆಫ್ ದ ಗ್ಯಾಲಕ್ಸಿ' ತಂಡಕ್ಕೆ ಸೇರಿದ, 2014ರಲ್ಲಿ ಸಿನಿಮಾ ಬಂತು. ಅರವತ್ತು ಸೆಂಟಿಗೆ ಮಾರಾಟವಾಗಿದ್ದ ಹಲ್ಕ್ ಸಂಚಿಕೆಯ ಒಳ್ಳೆಯ ಪ್ರತಿಗಳು ನೂರಾರು ಡಾಲರಿಗೆ ಏರಿದವು.

ಬೆಲೆ ನಿಲ್ಲುವುದು ಪುಸ್ತಕದ ಸ್ಥಿತಿಯ ಮೇಲೆ. ಮೂಲೆ ಮಡಚಿದೆಯೇ, ಪಿನ್ನು ತುಕ್ಕು ಹಿಡಿದಿದೆಯೇ, ಹಾಳೆ ಹಳದಿಯಾಗಿದೆಯೇ ಎಂದು ನೋಡಿ ಹತ್ತರೊಳಗೆ ಅಂಕ ಕೊಡುತ್ತಾರೆ. ಅಂದಿನ ಕಾಮಿಕ್ಸ್ ಕಾಗದ ನಮ್ಮ ದಿನಪತ್ರಿಕೆಯ ಕಾಗದದಂಥದ್ದೇ. ಅದರೊಳಗಿನ ಆಮ್ಲ ಅದನ್ನೇ ತಿನ್ನುತ್ತದೆ, ಬಿಸಿಲು, ತೇವ ತಗಲಿದರೆ ಇನ್ನೂ ಬೇಗ. ಅದಕ್ಕೇ ಆಮ್ಲವಿಲ್ಲದ ರಟ್ಟು ಇಟ್ಟು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಕತ್ತಲಲ್ಲಿ ನೆಟ್ಟಗೆ ನಿಲ್ಲಿಸಿಡುತ್ತಾರೆ. ಇನ್ನು ಕೆಲವರು ಅಂಕ ಹಾಕಿಸಿ ಗಟ್ಟಿ ಪ್ಲಾಸ್ಟಿಕ್ಕಿನೊಳಗೆ ಮುಚ್ಚಿಸಿಬಿಡುತ್ತಾರೆ. ಅದನ್ನು ಒಡೆಯದೆ ಒಂದು ಪುಟವನ್ನೂ ತಿರುವಲಾಗದು! ಓದಲಾಗದ ಪುಸ್ತಕವನ್ನು ಪುಸ್ತಕವೆನ್ನಲು ನನ್ನಂಥ ಶಿಕ್ಷಕನಿಗಂತೂ ಮನಸ್ಸು ಬಾರದು.

ಹಾಗೆ ಮುಚ್ಚಿಟ್ಟವರು ಕಥೆ ಬರೆದವರ ಹೆಸರನ್ನಾದರೂ ನೋಡಿರುತ್ತಾರೆಯೇ? ಬಿಲ್ ಮ್ಯಾಂಟ್ಲೋ. ಕಲಾವಿದ ಕೀತ್ ಗಿಫನ್ ಜೊತೆ ಸೇರಿ ರಾಕೆಟನ್ನು ಸೃಷ್ಟಿಸಿದವರು ಇವರೇ. ಅಂದಿನ ಪದ್ಧತಿಯಲ್ಲಿ ಬರಹಗಾರನಿಗೆ ಸಿಗುತ್ತಿದ್ದುದು ಪುಟಕ್ಕಿಷ್ಟು ಎಂಬ ಕೂಲಿ. ಪಾತ್ರದ ಒಡೆತನ ಕಂಪನಿಯದ್ದು. ಮ್ಯಾಂಟ್ಲೋ ನಂತರ ಕಾನೂನು ಓದಿ ನ್ಯೂಯಾರ್ಕಿನಲ್ಲಿ ಬಡವರ ಪರ ವಾದಿಸುವ ವಕೀಲರಾದರು. 1992ರಲ್ಲಿ ಚಕ್ರದ ಬೂಟು ಧರಿಸಿ ಸಾಗುತ್ತಿದ್ದ ಅವರಿಗೆ ಕಾರೊಂದು ಢಿಕ್ಕಿ ಹೊಡೆಯಿತು. ಚಾಲಕ ನಿಲ್ಲಿಸಲಿಲ್ಲ, ಸಿಕ್ಕಲೂ ಇಲ್ಲ. ಮಿದುಳಿಗೆ ಬಿದ್ದ ಪೆಟ್ಟು ವಾಸಿಯಾಗಲಿಲ್ಲ. ಮುಂದಿನ ಹಲವು ವರ್ಷಗಳನ್ನು ಅವರು ಆರೈಕೆ ಕೇಂದ್ರದಲ್ಲಿ ಕಳೆದರು. ಅವರಿಗಾಗಿ ಓಡಾಡಿದ್ದು ಸಹೋದರ. ಚಿಕಿತ್ಸೆಯ ಖರ್ಚಿಗೆ ಅಭಿಮಾನಿಗಳಿಂದಲೂ ಹಣ ಕೂಡಿಸಬೇಕಾಯಿತು.

1985ರ ಆ ನಾಲ್ಕು ಸಂಚಿಕೆಗಳ ಕಥೆಯನ್ನು ಈಗ ಓದಿದರೆ ಎದೆ ಝಲ್ಲೆನ್ನುತ್ತದೆ. ಅದು ಮಾನಸಿಕ ರೋಗಿಗಳಿಗೆಂದೇ ಮೀಸಲಾದ ಒಂದು ಗ್ರಹ. ವೈದ್ಯರು ಬಿಟ್ಟುಹೋಗಿದ್ದಾರೆ. ರೋಗಿಗಳಿಗೆ ಜೊತೆಯಾಗಲೆಂದು ಯಂತ್ರಮಾನವರು ಪ್ರಾಣಿಗಳಿಗೆ ಬುದ್ಧಿ ಕೊಟ್ಟಿದ್ದಾರೆ. ರಾಕೆಟ್ ಆ ರೋಗಿಗಳ ಕಾವಲುಗಾರ. ಇದನ್ನು ಬರೆದ ಏಳು ವರ್ಷಕ್ಕೆ ಬರೆದವರೇ ಇನ್ನೊಬ್ಬರ ಆರೈಕೆಗೆ ಬಿದ್ದರು.

2014ರಲ್ಲಿ ಮಾರ್ವೆಲ್ ಕಂಪನಿಯವರು ಮ್ಯಾಂಟ್ಲೋ ಇದ್ದಲ್ಲಿಗೇ ಹೋಗಿ ಅವರಿಗೆ ಸಿನಿಮಾ ತೋರಿಸಿದರು. ಗಿಫನ್ 2023ರಲ್ಲಿ ತೀರಿಕೊಂಡರು.

ನಿಮ್ಮ ಮಗ ಅಥವಾ ಮಗಳು ಈ ಪುಸ್ತಕಗಳಿಗಾಗಿ ಹಟ ಹಿಡಿದರೆ ದುಬಾರಿ ಮೂಲ ಪ್ರತಿಗಳನ್ನು ಹುಡುಕಬೇಕಿಲ್ಲ. ಆ ಹಳೆಯ ಕಥೆಗಳು 2013ರಲ್ಲಿ ಒಂದೇ ಸಂಪುಟವಾಗಿ ಮರುಮುದ್ರಣಗೊಂಡಿವೆ. ಅದನ್ನು ಧಾರಾಳವಾಗಿ ಕೈಗೆ ಕೊಡಬಹುದು, ಮೂಲೆ ಮಡಚಿದರೂ ನಷ್ಟವಿಲ್ಲ.